ಮಾವನ ಬೂಟಿಗೆ ಚಟ್ಟ ಕಟ್ಟಿದವನಿಂದ

ಮಾಲೂರಿನ ಹೆಂಚಿನ ಕಾರ್ಖಾನೆಯ ಫುಟ್‌ಬಾಲ್ ತಂಡದ ಎಡಗಡೆ ಬ್ಯಾಕ್ ಆಗಿದ್ದವರೂ, ಕಾಲಿನ ಬಲದಲ್ಲಿ ಊರಿನ ಹೋರಿಗಳಿಗೆಲ್ಲ ಗುರುಸಮಾನರೂ, ನನ್ನ ತಾಯಿಯ ತಮ್ಮಂದಿರೂ ಆದ ನಾರಾಯಣಪ್ಪನವರ ಪಾದಾರವಿಂದಗಳಿಗೆ (ಹೆಬ್ಬೆರಳಿನ ಉಗುರು ಹೋಗಿದ್ದರೂ ಚಿಂತೆಯಿಲ್ಲ) ಶೀನನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಆ ಕಡೆಯ ಕುಶಲ ಕೇಳಿ ಏನು ಪ್ರಯೋಜನ ಮಾವ?

ನಿನ್ನನ್ನು ಮಣ್ಣು ಮಾಡಿದ ದಿನ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲಿ ಏನಾದರೂ ಕೀಟಲೆ ಮಾಡಿಬಿಡುತ್ತೇನೋ ಎಂದು ಹೆದರಿದ್ದರೋ, ಮಾಡಲಿ ಎಂದು ಕಾದಿದ್ದರೋ... ಚಟ್ಟಕ್ಕೆ ಹೆಗಲು ಕೊಟ್ಟೆ. ಭಾರವೇ ತಿಳಿಯಲಿಲ್ಲ. ಅತ್ತೆ ನನ್ನ ಭುಜ ಹಿಡಿದು ಅಲುಗಿಸಿ, "ಅಳೋ ಶೀನಾ, ಒಂದ್ಸಲ ಅತ್ತುಬಿಡೋ" ಅಂದಳು. ಅಳುವುದು ಹೇಗೆಂದೇ ಮರೆತವನ ಹಾಗೆ ಅವಳ ಬಾಯನ್ನೇ ನೋಡುತ್ತ ನಿಂತೆ. ಈಗಲೂ ಹಾಗೇ ಇದ್ದೇನೆ. ಮುದ್ದೆ ಉಣ್ಣುತ್ತೇನೆ. ಸಾರಿಗೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಕಾರ್ಖಾನೆಯ ಸಾಹುಕಾರರು ನಿನಗೆ ಬೂಟು ತಂದುಕೊಟ್ಟ ದಿನ ನೆನಪಿದೆಯಾ? ಕೋಲಾರದಲ್ಲಿ ಕಪ್ಪಿನ ಕೊನೆಯ ಆಟ. ಎದುರಿಗೆ ಬೆಂಗಳೂರು ದಂಡಿನ ಸಿಪಾಯಿಗಳು, ಎಲ್ಲರ ಕಾಲಲ್ಲೂ ಬೂಟು. ನಮ್ಮವರದೆಲ್ಲ ಬರಿಗಾಲು, ಹರಡಿಗೆ ಹಳೇ ಸೀರೆಯ ಪಟ್ಟಿ. ಯುದ್ಧದ ಕಾಲದಲ್ಲಿ ಹೇಗೋ ಒಂದು ಜೊತೆ ಸಂಪಾದಿಸಿದ ಸಾಹುಕಾರರು ಆಟಕ್ಕೆ ಮುಂಚೆ ನಿನ್ನ ಕೈಗಿಟ್ಟು, "ನಾರಾಯಣ, ನಿನ್ನ ಕಾಲು ತುಳಿಸಿಕೊಳ್ಳೋದು ನೋಡಕ್ಕಾಗಲ್ಲಪ್ಪ, ಹಾಕ್ಕೋ" ಅಂದರು. ಕಾರ್ಖಾನೆಯ ಪಟ್ಟಿಯಲ್ಲಿ ನೀನು ಮಣ್ಣು ತುಳಿಯುವ ಆಳು. ನಿಜವಾಗಿ ಅವರು ಸಂಬಳ ಕೊಡುತ್ತಿದ್ದದ್ದು ಚೆಂಡು ಒದೆಯುವುದಕ್ಕೆ. ಅಂಥವರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದಾದರೂ ಹೇಗೆ?

ಆಮೇಲೆ ಬಂತಲ್ಲ ಆ ಚೆಂಡು. ಎಂಥ ಸಾಧು ಚೆಂಡು ಮಾವ, ಹಸು ಮನೆಗೆ ಬಂದ ಹಾಗೆ ಬಂತು. ಬರಿಗಾಲಲ್ಲಿ ನೀನದನ್ನು ಕಣ್ಣು ಮುಚ್ಚಿ ಆಚೆಗೆ ಕಳಿಸುತ್ತಿದ್ದೆ. ಬೂಟಿನ ಮೂತಿಗೆ ತಾಗಿ ಅದು ಗಿರ್ರನೆ ತಿರುಗಿ ನಮ್ಮ ಗೋಲಿನೊಳಕ್ಕೇ ಹೋಯಿತು. ಆಮೇಲೆ ಮುಳಬಾಗಿಲ ಕಡೆಯವನೊಬ್ಬ, "ಎವರಿ ವೈಪು ರಾ ನುವ್ವು?" ಎಂದು ಕೂಗಿದ. ನೀನು ಯಾರ ಕಡೆಯವನೋ ಎಂದು ಕೇಳುವುದಕ್ಕೆ ತೆಲುಗಿನಷ್ಟು ಚೂಪಾದ ಭಾಷೆ ಇನ್ನೊಂದಿಲ್ಲ. ಜನ ಬಿದ್ದು ಬಿದ್ದು ನಕ್ಕರು. ನೀನು ಮಾತ್ರ ಕೈ ಎತ್ತಿ, "ಖಾದರ್, ಈ ಕಡೆ ಕೊಡೋ" ಅಂದೆ. ನಮ್ಮ ಗೋಲು ಕಾಯುವ ಖಾದರ್ ಚೆಂಡನ್ನು ಬಲಗಡೆಗೆ ಒದ್ದ. ಮತ್ತೆ ಎತ್ತಿದೆ. ಮತ್ತೆ ಬಲಗಡೆಗೆ. ಆಟ ಮುಗಿಯುವವರೆಗೂ ನೀನು ಕೈ ಎತ್ತುತ್ತಲೇ ಇದ್ದೆ. ಸಿಪಾಯಿಗಳ ಲಾರಿ ಹತ್ತಿ ಕಪ್ಪು ಹೊರಟುಹೋಯಿತು.

ಮಾರನೆಯ ದಿನ ನೀನು ಕಾರ್ಖಾನೆಗೆ ಹೋದಾಗ ಸಾಹುಕಾರರು ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ಮೇಸ್ತ್ರಿ ಬಂದು ನೆಲ ನೋಡಿಕೊಂಡು, "ನಾರಾಯಣಪ್ಪ, ಇವತ್ತಿಂದ ಮಣ್ಣಿಗೆ ಇಳೀಬೇಕಂತೆ" ಅಂದ. ಇಳಿದೆ. ಮೊಣಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತುಳಿದು ಬಂದು, ಕಾಲು ತೊಳೆದು, ಗೋಡೆ ನೋಡುತ್ತ ಕೂರುತ್ತಿದ್ದೆ. ತಂಡಕ್ಕೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ನೀನು ಕೇಳಲಿಲ್ಲ. ಕೇಳುವ ಧೈರ್ಯ ನಮಗೂ ಇರಲಿಲ್ಲ.

ಅಂಥ ಒಂದು ಸಂಜೆಯೇ ಅಲ್ಲವೇ ನಾನು ನಿನ್ನ ಬೂಟುಗಳ ಅಂತಿಮಯಾತ್ರೆಯನ್ನು ಶಾಸ್ತ್ರೋಕ್ತವಾಗಿ ನೆರವೇರಿಸಿದ್ದು? ಬಿದಿರ ದಬ್ಬೆಯ ಚಟ್ಟ, ಕಣಗಿಲೆ ಹೂವು, ನಾಲ್ಕು ಜನ ಗೆಳೆಯರ ಹೆಗಲು. "ಮಹಾಜನಗಳೇ, ಸ್ವಪಕ್ಷದ ಗೋಲಿನಲ್ಲಿ ವೀರಸ್ವರ್ಗ ಸೇರಿದ ಬೂಟು ದಂಪತಿಗಳಿಗೆ ದಾರಿ ಬಿಡಿ" ಎಂದು ಕೂಗುತ್ತ ಮುಂದೆ ನಡೆದೆ. ಅತ್ತೆ ಪೊರಕೆ ಹಿಡಿದು ಬಂದಳು. "ಥೂ ಮುಂಡೇದೇ, ಬಾಳೋ ಮನೆ ಮುಂದೆ ಚಟ್ಟ ಕಟ್ತೀಯೇನ್ಲಾ!" ಹುಣಸೆ ಮರದ ಕೆಳಗೆ ಗುಂಡಿ ತೋಡಿ ಹೂತೆವು. ನೀನು ಜಗಲಿ ಮೇಲೆ ಕೂತು ನಕ್ಕೆ. ಕೋಲಾರದ ಆಟ ಆದ ಮೇಲೆ ಅದೇ ಮೊದಲು ನಕ್ಕದ್ದು.

ನಕ್ಕು ಮುಗಿಸಿ ಎದ್ದು ಹೋಗಿ ಆ ಬೂಟುಗಳನ್ನು ನೀನೇ ಅಗೆದು ತಂದೆ. ಮಣ್ಣು ಕೊಡವಿ ಹರಳೆಣ್ಣೆ ಸವರುತ್ತ, "ಲೇ, ಇವಕ್ಕೇನ್ ಗೊತ್ತೋ ಪಾಪ? ಒದ್ದಿದ್ದು ನನ್ ಕಾಲು ಕಣೋ. ಇವಕ್ಕೆ ಆಟ ಬರಲ್ಲ, ಕಲಿಸಬೇಕು ಅಷ್ಟೆ" ಅಂದೆ. ಮಾರನೆಯ ಬೆಳಗಿನಿಂದ ಕೆಲಸಕ್ಕೆ ಮುಂಚೆ ಹೆಂಚು ಸುಡುವ ಗೂಡಿನ ಗೋಡೆಗೆ ಚೆಂಡು ಒದೆಯುವುದು ಶುರುವಾಯಿತು. ಒಮ್ಮೆ ನಾನು ಕೇಳಿದೆ: "ಅಷ್ಟು ಜನ ನಕ್ಕರಲ್ಲ ಮಾವ, ಹೆಂಗೆ ತಡ್ಕೊಂಡೆ?" ನೀನು ಲೇಸು ಬಿಗಿಯುತ್ತ ಹೇಳಿದ್ದು ಇಷ್ಟೇ: "ನಗೋರು ನಕ್ಕೊಂಡು ಹೋಗ್ಲಿ ಬಿಡು. ಖಾದರ್ ಒಂದು ಚೆಂಡು ಕೊಟ್ಟಿದ್ರೆ ಸಾಕಾಗಿತ್ತು."

ಬೂಟಿಗೆ ಆಟ ಬಂತು. ಅಷ್ಟರಲ್ಲಿ ನಿನಗೆ ಜ್ವರವೂ ಬಂತು. ತಂಡದ ಕರೆ ಮಾತ್ರ...

ಮಣ್ಣು ಮಾಡಿದ ದಿನ ಖಾದರ್ ಬಂದಿದ್ದ. ದೂರದಲ್ಲೇ ನಿಂತಿದ್ದು, ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದ. "ಕೈ ಎತ್ತಿದ್ದ ಶೀನಾ. ನಾನು ನೋಡ್ದೆ. ನೋಡಿದ್ರೂ ಕೊಡ್ಲಿಲ್ಲ" ಅಂದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಹೊತ್ತಾಯ್ತು, ಮನೆಗೆ ಹೋಗಣ್ಣ" ಅಂದೆ.

ಹೋದ ಭಾನುವಾರ ಶ್ರೀನಿವಾಸಪುರದಲ್ಲಿ ಆಟವಿತ್ತು. ನಿನ್ನ ಜಾಗಕ್ಕೆ ನನ್ನನ್ನು ಕರೆದರು. ನಗಬೇಡ. ಮಾವಿನ ತೋಪಿನ ಪಕ್ಕದ ಮೈದಾನ, ನನ್ನದು ಬರಿಗಾಲು. ಬೂಟು ಹಾಕಿಕೊಳ್ಳುವ ಯೋಗ್ಯತೆ ಇನ್ನೂ ಬಂದಿಲ್ಲ. ಆಟ ಅರ್ಧ ದಾಟಿತ್ತು. ಚೆಂಡನ್ನು ಹಿಂದಕ್ಕೆ ಖಾದರನಿಗೆ ತಳ್ಳಿದೆ, ತಿರುಗಿ ನೋಡದೆ. ಅವನು ಅದಾಗಲೇ ಮುಂದೆ ಬಂದುಬಿಟ್ಟಿದ್ದ. ಚೆಂಡು ಅವನ ಪಕ್ಕದಲ್ಲೇ ಉರುಳುತ್ತ ಹೋಗಿ ಗೋಲಿನೊಳಗೆ ಮಲಗಿತು. ನಿನ್ನದಕ್ಕಿಂತ ಸೊಗಸಾದ ಗೋಲು ಮಾವ, ಬೂಟಿನ ನೆಪವೂ ಇಲ್ಲ. ಜನ ನಕ್ಕರು. ಇದೂ ನನ್ನದೊಂದು ಕೀಟಲೆ ಅಂದುಕೊಂಡರಂತೆ! "ಬೇಕಂತಲೇ ಮಾಡ್ದ ನನ್ಮಗ" ಎಂದು ಒಬ್ಬ, "ಸೋದರಮಾವನ ಕಾಲು ಕಣೋ ಅದು" ಎಂದು ಇನ್ನೊಬ್ಬ. ಎಲ್ಲ ಕೇಳಿಸಿತು. ಬಾವಿಯ ತಳದಲ್ಲಿ ಕೂತು ಮೇಲಿನವರ ಮಾತು ಕೇಳಿದ ಹಾಗೆ.

ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ನಾನು ಎತ್ತಿದೆನೆಂದು ಪ್ರಮಾಣ ಮಾಡಲಾರೆ. ಮತ್ತೆ ಚೆಂಡು ಖಾದರನ ಕೈ ಸೇರಿದಾಗಲೂ ಅದು ಮೇಲೇ ಇತ್ತು. ಬಲಗಡೆಯವನು ಆರಾಮಾಗಿ ನಿಂತಿದ್ದ. ನನ್ನ ಮುಂದೆ ಅವರ ಕಡೆಯವನು ಕಾಯುತ್ತಿದ್ದ. ಬುದ್ಧಿ ಇದ್ದವನು ಬಲಗಡೆಗೇ ಕೊಡಬೇಕು. ಖಾದರ್ ನನ್ನ ಕೈಯನ್ನು ನೋಡಿದ. ನೋಡುತ್ತಲೇ ನಿಂತ. ಆಮೇಲೆ ಚೆಂಡನ್ನು ಎಡಗಡೆಗೆ ಉರುಳಿಸಿ, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದ:

"ತಗೋ ನಾರಾಯಣಾ!"

ತಾನು ಏನೆಂದೆ ಎಂದು ಅವನಿಗೆ ಆಮೇಲೂ ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ. ಚೆಂಡು ಬರಿಗಾಲಿಗೆ ಚುರ್ರೆಂದು ತಾಗಿತು. ನೀನು ಹೋದ ಮೇಲೆ ನನ್ನ ಮೈಗೆ ತಿಳಿದ ಮೊದಲ ನೋವು ಅದು.

ಚೆಂಡು ಬಂತು ಮಾವ. ತಗೊಂಡಿದ್ದೇನೆ.