ಹೆಣ್ಣು ನೋಡಲು ಬಂದ ಬೀಜದ ಕಂಪನಿಗೆ

ಭತ್ತದ ಬೀಜ ಮಾರುವ ಕಂಪನಿಯ ಸಿಬ್ಬಂದಿ ಆಯ್ಕೆ ಅಧಿಕಾರಿಗಳೇ,

ಮಾನ್ಯರೇ ಎನ್ನಬೇಕಿತ್ತು, ಮನಸ್ಸು ಒಪ್ಪಲಿಲ್ಲ. ನನಗೆ ಸಿಗಬೇಕಿದ್ದ ಕೆಲಸವನ್ನು ನೀವು ನಮ್ಮ ಓಣಿಯವರ ಮಾತು ಕೇಳಿ ಕಿತ್ತುಕೊಂಡಿರಿ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳನ್ನು ತಿರುಗಿ ರೈತರಿಗೆ ಬೀಜ ಮಾರುವ ಫೀಲ್ಡ್ ಆಫೀಸರ್ ಬೇಕೆಂದು ಕರೆದಿರಿ. ಕಾಲ ಬದಲಾಗಿದೆ ಎಂದು ಕಂಪ್ಯೂಟರಿನಲ್ಲಿ ಪರೀಕ್ಷೆ, ಬಳ್ಳಾರಿಯ ಹೋಟೆಲಿನಲ್ಲಿ ಗುಂಪು ಚರ್ಚೆ, ಮನೋಧರ್ಮ ಅಳೆಯುವ ಪ್ರಶ್ನೆಗಳು, ಏನೆಲ್ಲ ಮಾಡಿದಿರಿ! ಎಲ್ಲದರಲ್ಲೂ ಪಾಸಾದೆ. ಆಮೇಲೆ ಗುಪ್ತ ವಿಚಾರಣೆಗೆಂದು ಒಬ್ಬರನ್ನು ಕುರುಗೋಡಿಗೆ ಅಟ್ಟಿದಿರಿ. ಇಸ್ತ್ರಿ ಅಂಗಿಯ ಆ ಗೃಹಸ್ಥರು ಕೆಲಸದ ಸುದ್ದಿಯನ್ನೇ ಎತ್ತದೆ, ಅಕ್ಷತಾ ಎಂಬ ಹುಡುಗಿಯ ನಡತೆ ಹೇಗೆಂದು ಎದುರು ಮನೆಯ ಸರಸ್ವತಿಬಾಯಿಯವರನ್ನು ಕೇಳಿದರು. ಮದುವೆ ವಯಸ್ಸಿನ ಹುಡುಗಿಯ ಬಗ್ಗೆ ಅಪರಿಚಿತ ಗಂಡಸು ಹೀಗೆ ಕೇಳಿದರೆ ನಮ್ಮೂರಿನವರು ಏನೆಂದು ತಿಳಿಯಬೇಕು?

"ಬಂಗಾರದಂಥಾ ಹುಡುಗಿರಿ. ಎದುರು ಮಾತಾಡಂಗಿಲ್ಲ, ಒಬ್ಬಾಕಿನ ಹೊಸ್ತಿಲಾ ದಾಟಂಗಿಲ್ಲ. ನೌಕರಿ ಹುಚ್ಚಂತೂ ಇಲ್ಲೇ ಇಲ್ಲ. ನೀವು ಹೂಂ ಅಂದ್ರ ಶ್ರಾವಣದಾಗ ಮುಗಿಸಿಬಿಡಬಹುದು!"

ಅವರು ಹೋದದ್ದೇ ತಡ, ಆಯಮ್ಮ ನಮ್ಮ ಮನೆಗೆ ಓಡಿಬಂದರು. "ಚನ್ನವೀರಮ್ಮಾ, ಮೊದಲು ಬಾಯಿಗೆ ಸಕ್ಕರಿ ಹಾಕು. ಗಂಡಿನ ಕಡಿಯವರು ಬಂದು ಹೋದ್ರು!" ನನ್ನವ್ವ ಸಕ್ಕರೆ ಹಾಕಿದಳು. ಗಂಡು ಬರಲಿಲ್ಲ, ನಿಮ್ಮ ಫೋನ್ ಬಂತು: "ಹೊರಗಡೆ ತಿರುಗೋ ಕೆಲಸ ನಿಮಗೆ ಹೊಂದಲ್ಲಮ್ಮ." ಯಾಕೆ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟಿರಿ. ಇಸ್ತ್ರಿ ಅಂಗಿಯವರು ಗಂಡಿನ ಕಡೆಯವರಲ್ಲ, ನಿಮ್ಮವರೆಂದು ಆಗ ಗೊತ್ತಾಯಿತು. ಅವತ್ತು ನಾನು ಅತ್ತುಬಿಟ್ಟೆ.

ಸರಸ್ವತಿಬಾಯಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸುಳ್ಳು ಹೇಳಿದ್ದು ನನ್ನ ಒಳ್ಳೆಯದಕ್ಕೆ. ಆದರೆ ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳೊಂದಿಗೆ ವಾದಿಸಿ ವ್ಯಾಪಾರ ಮಾಡಿದ್ದೇನೆಂದು ನಾನೇ ನಿಮ್ಮೆದುರು ಹೇಳಿರಲಿಲ್ಲವೇ? ನನ್ನ ಮಾತಿಗಿಂತ ಕಟ್ಟೆಯ ಮಾತು ಹೆಚ್ಚಾಯಿತೇ? ಒಂದು ದಿನ ಹಚ್ಚೊಳ್ಳಿಯ ಬಸ್ಸು ಹತ್ತಿಸಿ ರೈತರ ಮುಂದೆ ನಿಲ್ಲಿಸಿ ನೋಡಿದ್ದರೆ ಸಾಕಿತ್ತು. ನಿಮ್ಮ ಎದುರಾಳಿ ಕಂಪನಿ ಮಾಡಿದ್ದು ಅಷ್ಟೇ. ಈಗ ಕರೂರು, ಹಚ್ಚೊಳ್ಳಿಗಳ ನಿಮ್ಮ ಹಳೆಯ ಗಿರಾಕಿಗಳು ನನ್ನ ಹತ್ತಿರ ಬೀಜ ಕೊಳ್ಳುತ್ತಾರೆ. ನನ್ನ ಬದಲು ನೀವು ಆರಿಸಿದ, ತನ್ನ ಓಣಿಯೆಲ್ಲ ಹೊಗಳಿದ ಸಿದ್ದಲಿಂಗೇಶ್ ಮೊದಲ ಬೇಸಿಗೆಗೇ ಕೆಲಸ ಬಿಟ್ಟರು. ತಿರುಗಿ ದುಡಿಯುವವರೇ ಸಿಗುತ್ತಿಲ್ಲವೆಂದು ನೀವು ಮೊನ್ನೆ ಬೀಜ ವ್ಯಾಪಾರಿಗಳ ಸಭೆಯಲ್ಲಿ ಗೋಳಾಡಿದಿರಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ನನ್ನ ಬೇಡಿಕೆ ಇಷ್ಟೇ. ಇನ್ನು ಮೇಲೆ ಯಾರನ್ನೇ ಆಗಲಿ ಕೆಲಸಕ್ಕೆ ಹಚ್ಚಿ ನೋಡಿ ಆರಿಸಿ. ಬೇಡವೆನ್ನುವ ಮುಂಚೆ ಕಾರಣ ಹೇಳಿ, ಅವರ ಉತ್ತರವನ್ನೂ ಕೇಳಿ.

ಒಲ್ಲೆವೆಂದರೆ ಬಿಡಿ, ನಿಮ್ಮ ಪದ್ಧತಿ ನನಗೂ ಬರುತ್ತದೆ. ಹೋದ ಭಾನುವಾರ ಅವ್ವನನ್ನು ಕರೆದುಕೊಂಡು ಬಳ್ಳಾರಿಯಲ್ಲಿ ನಿಮ್ಮ ಓಣಿಗೇ ಹೋಗಿ, ನೀವು ಎಂಥವರೆಂದು ವಿಚಾರಿಸಿದೆ. ಕಟ್ಟೆಯ ಮೇಲಿದ್ದ ಹಿರಿಯರು ಬಾಯ್ತುಂಬ ಹೊಗಳಿದರು: "ಭಾಳ ಒಳ್ಳೆ ಮನುಷ್ಯಾರಿ. ಯಾರು ಏನು ಹೇಳಿದ್ರೂ ನಂಬಿಬಿಡ್ತಾರ. ಸ್ವಂತ ವಿಚಾರ ಮಾಡಿದ್ದು ನಾವಂತೂ ನೋಡಿಲ್ಲ."

ಈ ವರದಿಯನ್ನು ನಿಮ್ಮ ಮಾಲೀಕರಿಗೂ ಕಳಿಸಿದ್ದೇನೆ.

ಇಂತಿ,
ಒಬ್ಬಳೇ ಹೊಸ್ತಿಲು ದಾಟದ ಅಕ್ಷತಾ,
ಕುರುಗೋಡು (ಸದ್ಯ ಹಚ್ಚೊಳ್ಳಿ ಬಸ್ಸಿನಲ್ಲಿ)