ಅತ್ತೆಯ ಹೇಳಿಕೆ

ಹಂಗಾರಕಟ್ಟೆ
೧೮-೧೧-೨೦೦೪

ಸುಗುಣಕ್ಕನಿಗೆ ನಮಸ್ಕಾರ.

ನಮ್ಮ ಬರವಣಿಗೆ ಕೂಟದಲ್ಲಿ ಭಾನುವಾರ ನೀವು ಹೆಸರು ಹೇಳದೆ ಓದಿದ, ಗಂಡ ಹೆಂಡತಿಯ ಬೆರಳನ್ನು ಬಾಗಿಲಿಗೆ ಕೊಟ್ಟು ಜಜ್ಜುವ ಕಥೆ ನನ್ನದು. ಕೇಳಲು ಬಂದಿದ್ದ ನನ್ನ ಅತ್ತೆ, "ಅವ್ನ್ ಕೈ ಕಡೀಕ್" ಎಂದಿದ್ದರಲ್ಲ, ಆ ಗಂಡನ ಕೈ ಕಡಿಯಬೇಕೆಂದು.

ನಿನ್ನೆ ಇವರು, ತಮ್ಮದೇ ಕಥೆ ಬರೆದೆನೆಂದು ಬೈಯುತ್ತಾ ನನ್ನ ನೋಟ್‌ಬುಕ್ ಒಲೆಗೆ ಹಾಕಿ, ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಚಚ್ಚಿದರು. ಮಗು ಚೀರುತ್ತಿತ್ತು. ಅತ್ತೆ ಮೀನು ಕೊಯ್ಯುವ ಕತ್ತಿ ಹಿಡಿದು ಮಗನೆದುರು ನಿಂತರು: "ಹಂಗಾರೆ ನಾ ಕಡೀಕ್ ಅಂದದ್ ನಿನ್ ಕೈಯನ್ನಾ?"

ಇವರು ಬೋಟಿಗೆ ಹೋದರು. ನಾಳೆ ಸಂಜೆ ಬರುತ್ತಾರೆ. ನನಗೆ ನಿದ್ದೆಯಿಲ್ಲ.

ಬೆಳಿಗ್ಗೆಯೇ ಠಾಣೆಗೆ ಹೋಗುತ್ತೇವೆ, ನೀವೂ ಬನ್ನಿ. ಅತ್ತೆಗೆ ಬರೆಯಲು ಬಾರದು. ಅವರ ಹೇಳಿಕೆಯನ್ನು ನಾನು ಬರೆದರೆ ಸೊಸೆ ಹೇಳಿಕೊಟ್ಟದ್ದು ಎನ್ನುತ್ತಾರೆ. ನೀವು ಬರೆದುಕೊಡಿ. "ನನ್ ಮಗ" ಎಂದೇ ಶುರು ಮಾಡುತ್ತಾರಂತೆ. ಅದನ್ನು ತಿದ್ದಬೇಡಿ.

ನಿಮ್ಮ
ಪ್ರಮೀಳಾ