ಅಪ್ಪ ಅಂಟಿಸಿದ ಐ ತ್ರೀ ಸ್ಟಿಕ್ಕರ್

ಅಪ್ಪಾ,

ನಿನ್ನ ಮೊಮ್ಮಗಳು ಪುಟ್ಟಿಗೀಗ ಏಳು ತಿಂಗಳು. ನಿದ್ದೆ ಹೇಗಿರುತ್ತದೆಂಬುದೇ ಮರೆತುಹೋಗಿದೆ. ಅವಳು ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ, ಆಮೇಲೆ ನಿನ್ನ ಮೇಲೆ ಸಿಟ್ಟಾಗುತ್ತೇನೆ. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಬದುಕಿದ್ದಾಗ ಆಗಿದ್ದರೆ ಸಹಿಸುತ್ತಿದ್ದೆಯಾ?

ಮಧುಗಿರಿಯ ನಮ್ಮ ಅಂಗಡಿಯಲ್ಲಿ ನೀನು ಕಂಪ್ಯೂಟರ್ ಜೋಡಿಸುವಾಗ ಸ್ಕ್ರೂ ಹಿಡಿದು ನಿಲ್ಲುತ್ತಿದ್ದವಳು ನಾನು. ಕೊರಟಗೆರೆಯ ಗೊಬ್ಬರದಂಗಡಿಯವರು ಬಂದು ಒಳ್ಳೆಯ ಪ್ರೊಸೆಸರ್ ಹಾಕಿಕೊಡಿ ಎಂದರೆ, ನೀನು ಅಗ್ಗದ ಸೆಲೆರಾನನ್ನೇ ತೋರಿಸುತ್ತಿದ್ದೆ. "ಬಿಲ್ ಹೊಡೆಯಕ್ಕೆ ಇದೇ ಸಾಕು ಬುಡಣ್ಣ. ಎಮ್ಮೆ ಮೇಯ್ಸಕ್ಕೆ ಕುದುರೆ ಮೇಲೆ ಹೋಯ್ತೀಯಾ?" ಅವರು ನಗುತ್ತಾ ಒಪ್ಪುತ್ತಿದ್ದರು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ನನಗೆ ಆ ಸೆಲೆರಾನಿನ ವಂಶಾವಳಿ ಹೇಳುತ್ತಿದ್ದೆ. ಮೊದಲು ಬಂದ ಸೆಲೆರಾನಿಗೆ ಕ್ಯಾಶ್, ಅಂದರೆ ಕೈಗೆಟಕುವಲ್ಲಿ ಇಟ್ಟುಕೊಳ್ಳುವ ನೆನಪು, ಇರಲೇ ಇಲ್ಲ, ಎಲ್ಲರೂ ನಕ್ಕರು. ಮುಂದಿನದಕ್ಕೆ ಒಂದಿಷ್ಟು ಕೊಟ್ಟರು, ಅದು ಮೈಮೇಲೆ ಬರೆದ ವೇಗಕ್ಕಿಂತ ಜೋರಾಗಿ ಓಡಿತು. ಆಮೇಲೆ ದೋಸೆ ಕಾವಲಿಯಂತೆ ಬಿಸಿಯಾಗುವುದು ಬಂತು, ಆಮೇಲೆ ಎರಡು ಕೋರಿನದು, ಅಂದರೆ ಒಂದರಲ್ಲೇ ಎರಡು ಮಿದುಳಿನದು. ಎಷ್ಟು ಬೆಳೆದರೂ ದುಬಾರಿಯದಕ್ಕಿಂತ ಒಂದು ಮೆಟ್ಟಿಲು ಕೆಳಗೇ. ಯಾಕೆ ಎಂದು ಕೇಳಿದ್ದೆ. "ಎಷ್ಟೋ ಸಲ ಎರಡನ್ನೂ ಒಂದೇ ಅಚ್ಚಲ್ಲಿ ಮಾಡ್ತಾರೆ ಕಣವ್ವ. ಕ್ಯಾಶ್ ಅರ್ಧ ಮುಚ್ಚಿಬುಟ್ಟು, ಇದು ಅಗ್ಗದ್ದು ಅಂತಾರೆ. ಕೆಟ್ಟಿರಲ್ಲ. ಕೊಟ್ಟಿರಲ್ಲ, ಅಷ್ಟೆಯ."

ಬಿ.ಸಿ.ಎ. ಮುಗಿಸಿ ಎಂ.ಸಿ.ಎ.ಗೆ ಸೇರುತ್ತೇನೆ ಎಂದಾಗ, "ನಿಂಗಿಷ್ಟು ಸಾಕು ಬುಡವ್ವ" ಎಂದೆ ನೀನು, ಗಿರಾಕಿಗೆ ಹೇಳುವ ದನಿಯಲ್ಲೇ. ತಮ್ಮನಿಗೆ ಮಾತ್ರ ಆ ಮಾತು ಎಂದೂ ಹೇಳಲಿಲ್ಲ.

ಮದುವೆಯಾದಾಗ ಪಾವಗಡದ ಗಂಡನ ಮನೆಗೆ ನನ್ನ ಜೊತೆ ಒಂದು ಕಂಪ್ಯೂಟರ್ ಕಳಿಸಿದೆ. ಮುಂಭಾಗದಲ್ಲಿ ಐ ತ್ರೀ ಸ್ಟಿಕ್ಕರ್, ದುಬಾರಿ ಪ್ರೊಸೆಸರಿನದು. ಮೊದಲ ದಿನವೇ ಪರದೆಯ ಮೇಲೆ ಅದರ ನಿಜವಾದ ಹೆಸರು ನೋಡಿದೆ: ಸೆಲೆರಾನ್. ನೀನು ಫೋನಿನಲ್ಲಿ "ಹೆಂಗೈತವ್ವ ಮಿಷಿನ್ನು?" ಎಂದೆ. "ಚೆನ್ನಾಗೈತಪ್ಪ" ಎಂದೆ ನಾನು. ಯಾವತ್ತಾದರೂ ಕೇಳೋಣವೆಂದುಕೊಂಡಿದ್ದೆ, ಅಷ್ಟರಲ್ಲಿ ನೀನು...

ನೀನು ಹೋದ ಮೇಲೆ ಮೈದುನ ಧೂಳು ಹೊಡೆಯಲೆಂದು ಕ್ಯಾಬಿನೆಟ್ ಬಿಚ್ಚಿದ. ಫ್ಯಾನನ್ನೂ ಎತ್ತಿ ಪ್ರೊಸೆಸರಿನ ಮೇಲಿನ ಹೆಸರನ್ನು ಎಲ್ಲರೆದುರು ಓದಿದ. ಅತ್ತೆ ನನ್ನತ್ತ ತಿರುಗಿದರು. "ಏಮಮ್ಮಾ, ಮೇಲೊಂದು ಒಳಗೊಂದಾ? ಮಗಳಿಗೇ ಟೋಪಿ ಹಾಕವ್ರಲ್ಲ ನಿಮ್ಮಪ್ಪ, ಪಾಪ ಗಿರಾಕಿಗಳ ಗತಿ ಏನು?" ಗಿರಾಕಿಗಳಿಗೆ ನೀನು ಒಂದು ದಿನವೂ ಸುಳ್ಳು ಸ್ಟಿಕ್ಕರ್ ಅಂಟಿಸಲಿಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆಂದು ಹೊಳೆದು ಮುಚ್ಚಿಕೊಂಡೆ.

ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತೇನಪ್ಪ. ನನ್ನದೆಂದು ಇರುವುದು ಅದೊಂದೇ. ಆ ನಿಧಾನದ ಸೆಲೆರಾನಿನಲ್ಲಿ ಫೈಲ್ ತೆರೆದುಕೊಳ್ಳುವಷ್ಟರಲ್ಲಿ ಬಂದವರು ಎದ್ದು ಬೇರೆ ಅಂಗಡಿಗೆ ಹೋಗುತ್ತಿದ್ದರು. "ಇದನ್ನ ಮುಚ್ಚಿ ಮಗು ನೋಡ್ಕೊ, ಅಷ್ಟು ಸಾಕು" ಎಂದರು ಅತ್ತೆ. ಸಾಕು ಎಂಬ ಆ ಪದವನ್ನು ಅವರಿಗೆ ಹೇಳಿಕೊಟ್ಟವರು ಯಾರು?

ನೀನು ಕೇಳದ ಸುದ್ದಿ ಒಂದಿದೆ. ಕಂಪನಿಯವರು ಸೆಲೆರಾನ್ ಎಂಬ ಹೆಸರನ್ನೇ ಕೈಬಿಟ್ಟರು. ಅಗ್ಗದ್ದಕ್ಕೆ ಈಗ ಬರೀ ಪ್ರೊಸೆಸರ್ ಎನ್ನುತ್ತಾರೆ. ಅಗ್ಗದ್ದು ಹೋಗಲಿಲ್ಲ, ಹೆಸರು ಹೋಯಿತು.

ನಿನ್ನೆ ಮಧ್ಯಾಹ್ನ ಪುಟ್ಟಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ನೀನು ಜೋಡಿಸಿದ್ದನ್ನು ಬಿಚ್ಚಿದೆ. ಫ್ಯಾನ್ ತೆಗೆದು, ಒಣಗಿದ ಪೇಸ್ಟ್ ಒರೆಸಿ, ಅದೇ ಸಾಕೆಟ್ಟಿಗೆ ಹೊಂದುವ ಹಳೆಯ ಐ ತ್ರೀ ಕೂರಿಸಿದೆ. ತುಮಕೂರಿನಿಂದ ತರಿಸಿದ್ದು. ಒಂದು ಸ್ಕ್ರೂ ಕೂಡ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಕಲಿಸಿದವನು ನೀನೇ, ಸಾಕು ಎಂದವನೂ ನೀನೇ. ಸಿಟ್ಟು ಇಳಿಯದಿರುವುದು ಅದಕ್ಕೇ.

ಲಗ್ನಪತ್ರಿಕೆ ಒಂದೇ ಸಲಕ್ಕೆ ತೆರೆದುಕೊಂಡಿತು. ಕೋಣೆ ಮುಚ್ಚುವುದಿಲ್ಲ ಎಂದು ಅತ್ತೆಗೆ ಹೇಳಿದ್ದೇನೆ. ನಿನ್ನ ಸ್ಟಿಕ್ಕರ್ ಕಿತ್ತಿಲ್ಲ, ಈಗದು ಸುಳ್ಳಲ್ಲ. ಅದನ್ನು ನಿಜ ಮಾಡಿದ್ದು ನಾನು. ತೆಗೆದ ಸೆಲೆರಾನನ್ನು ಎಸೆಯಲು ಮನಸ್ಸಾಗಲಿಲ್ಲ. ಅಟ್ಟದ ಮೇಲಿಟ್ಟಿದ್ದೇನೆ, ಪುಟ್ಟಿಯ ಕೈಗೆ ಎಂದೂ ಸಿಗದಷ್ಟು ಎತ್ತರದಲ್ಲಿ.